ಮೊದಲ ಪುಟದ ಎಸೆನ್‌ಬೆಕ್

ಎಸೆನ್‌ಬೆಕ್ ಅಂಗಡಿಗೆ ಬಂದನೆಂದರೆ, ಬೇಗ ತೊಲಗಲಿ ಎಂದು ಓಶ್ ಪೇಟೆಯಲ್ಲಿ ಜಮಖಾನೆ ಮಾರುವ ಬುರುಲಕ್ಕ, ಆ ಊರಿನ ರೂಢಿಯಂತೆ, ಬಟ್ಟಲು ತುಂಬ ಚಹಾ ಸುರಿದುಬಿಡುತ್ತಾಳೆ. ಗೂಗಲ್ ಹುಡುಕಾಟದಲ್ಲಿ ಅಂಗಡಿಗಳನ್ನು ಮೇಲಕ್ಕೇರಿಸುವುದು ಅವನ ಕಸುಬು. ಅವಳ ವೆಬ್‌ಸೈಟಿನಲ್ಲಿ ‘ಓಶ್ ಪೇಟೆಯ ಅಗ್ಗದ ಜಮಖಾನೆ’ ಎಂದು ನಲವತ್ತು ಸಲ ತುರುಕಿದ್ದೇ ಅವನ ಘನಂದಾರಿ ವಿದ್ಯೆ. ದಿನವೂ ತಾನೇ ಅವಳ ವೆಬ್‌ಸೈಟನ್ನು ಒತ್ತಿ ಒತ್ತಿ ಪಳಗಿಸಿದ ತನ್ನ ಫೋನನ್ನು ಅವಳ ಮೂಗಿಗೆ ಹಿಡಿದು, “ನೋಡಕ್ಕಾ, ನೀನೇ ಫಸ್ಟು!” ಎನ್ನುತ್ತಾನೆ. “ಬುರುಡೆ ಬಿಡ್ಬೇಡ, ನನ್ನ ಫೋನಲ್ಲಿ ಎರಡನೇ ಪುಟದಲ್ಲಿದೀನಲ್ಲೋ!” ಎಂದು ಅವಳು ರೇಗಿದರೆ, “ಅದಕ್ಕೇ ಇನ್ನೊಂದು ತಿಂಗಳ ದುಡ್ಡು ಕೊಡಕ್ಕಾ. ಎರಡನೇ ಪುಟಕ್ಕೆ ನಾಯೀನೂ ಹೋಗಲ್ಲ!” ಊರಿಗೆಲ್ಲ ಅವನದು ಇದೇ ಪಾಠ. ನಿನ್ನೆ ಅವನು ಫೋನಿನಲ್ಲಿ ಮುಳುಗಿದ್ದಾಗ ಅವಳು ಹೆಗಲ ಮೇಲಿಂದ ಇಣುಕಿದಳು. ಆರು ವರ್ಷದ ಹಿಂದೆ ಮಾಸ್ಕೋಗೆ ಕೂಲಿಗೆ ಹೋಗಿ ಸುದ್ದಿಯೇ ಇಲ್ಲವಾದ ತನ್ನ ತಮ್ಮನ ಹೆಸರನ್ನು ಹುಡುಕುತ್ತ, ಎಸೆನ್‌ಬೆಕ್ ಮೂವತ್ತೇಳನೇ ಪುಟದಲ್ಲಿದ್ದ. ಬುರುಲಕ್ಕ ಅವನ ಬಟ್ಟಲಿಗೆ, ಇನ್ನಷ್ಟು ಹೊತ್ತು ಕೂರಬೇಕಾದವರಿಗೆ ಸುರಿಯುವಂತೆ, ಅರ್ಧವೇ ಸುರಿದಳು.