ಬಾವಿಯ ಪಕ್ಕ ಬೇಡ, ದಿಬ್ಬದ ಮೇಲೆ ಮನೆ

ಕೊರೊನಾ ಕಳೆದ ಎರಡನೇ ಚಳಿಗಾಲದ ಮಾತು. ಕೃಷಿ ಇಲಾಖೆಯಲ್ಲಿ ಮಣ್ಣು ಪರೀಕ್ಷೆಯ ಅಧಿಕಾರಿಯಾಗಿದ್ದ ನಾನು ನಿವೃತ್ತಳಾಗಿ ಭಾಲ್ಕಿಯ ಮನೆಗೆ ಬಂದಿದ್ದೆ. ಹಾಯಾಗಿರೋಣವೆಂದರೆ ಜನ ಬಿಡಬೇಕಲ್ಲ! ಹೊಲದಲ್ಲೇ ಬದುಕುತ್ತೇವೆ, ಬೇಕಾದ್ದನ್ನೆಲ್ಲ ನಾವೇ ಬೆಳೆದುಕೊಳ್ಳುತ್ತೇವೆ ಎನ್ನುವವರು ಆಗ ಹೆಚ್ಚಾಗಿದ್ದರು. ಜಾಗ ನೋಡಿ ಹೇಳಿ ಎಂದು ನನ್ನನ್ನು ಕರೆದೊಯ್ಯುತ್ತಿದ್ದರು. ಅವರಲ್ಲಿ ಅನೇಕರಿಗೆ ಸಜ್ಜೆ ಯಾವುದು, ಜೋಳ ಯಾವುದು ಎಂದೇ ಗೊತ್ತಿರುತ್ತಿರಲಿಲ್ಲ. ಮುಖಕ್ಕೆ ಹೊಡೆದಂತೆ ಬೇಡ ಎಂದು ಹೇಳಿ, ಅವರು ಕೊಟ್ಟ ಚಹಾ ಕುಡಿದು ಬರುತ್ತಿದ್ದೆ.

ಸುಜಾತಾ ಮತ್ತು ಮಿಲಿಂದ ಆ ಪೈಕಿಯವರಲ್ಲ. ಮಿಲಿಂದ ಬೀದರಿನ ಒಂದು ಬೇಳೆ ಮಿಲ್ಲಿನಲ್ಲಿ ದುಡಿದು ಎದೆಗೆ ಧೂಳು ತುಂಬಿಕೊಂಡಿದ್ದ. ಮಿಲ್ಲು ಬಿಡದಿದ್ದರೆ ಔಷಧಿಯಿಂದ ಏನೂ ಆಗದು ಎಂದು ಡಾಕ್ಟರು ಹೇಳಿದ್ದರು. ಔರಾದಿನಿಂದಾಚೆ, ಬಸ್ಸು ನಿಲ್ಲುವ ಜಾಗದಿಂದಲೂ ಸಾಕಷ್ಟು ನಡೆಯಬೇಕಾದ ಕಡೆ, ಸುಜಾತಾಳ ತಂದೆ ಕೊಂಡಿದ್ದ ಹೊಲವಿತ್ತು. ಮಳೆಗಾಲದ ಮೊದಲೇ ಇಬ್ಬರೂ ಅಲ್ಲಿ ತಗಡಿನ ಶೆಡ್ಡು ಹಾಕಿಕೊಂಡು ಬಿತ್ತನೆ ಮಾಡಿದ್ದರು. ಸಂಕ್ರಾಂತಿಯೊಳಗೆ ತಿರುಗಿ ಬಂದರೆ ಕೆಲಸ ಉಳಿಯುತ್ತದೆ ಎಂದು ಮಿಲ್ಲಿನವರು ಹೇಳಿದ್ದರು. ಅಲ್ಲಿ ಮನೆ ಕಟ್ಟಿ ನಿಲ್ಲುವುದೋ, ಧೂಳಿಗೆ ಮರಳುವುದೋ ಎಂದು ಅಷ್ಟರಲ್ಲಿ ತೀರ್ಮಾನವಾಗಬೇಕಿತ್ತು.

“ನಮಗ ದೊಡ್ಡದೇನೂ ಬ್ಯಾಡ್ರಿ ಮೇಡಮ್,” ಎಂದಳು ಸುಜಾತಾ. “ಇವರಿಗಿ ದಮ್ಮು ಹತ್ತಬಾರ್ದು. ನಾವು ಯಾರ ಬಾಗಿಲಿಗೂ ಹೋಗಬಾರ್ದು. ಇಷ್ಟು ಆಗ್ತದೇನು ನೋಡಿ ಹೇಳ್ರಿ.”

ಹೊಲ ಎರಡು ತುಂಡಾಗಿತ್ತು. ದೊಡ್ಡ ತುಂಡು ಕೆಳಗೆ, ಹಳ್ಳದ ಪಕ್ಕದ ತಗ್ಗಿನಲ್ಲಿ. ಅಲ್ಲೇ ಬಾವಿ, ಅಲ್ಲೇ ಅವರ ಶೆಡ್ಡು. ಚಿಕ್ಕ ತುಂಡು ಮೇಲೆ ದಿಬ್ಬದ ಮೇಲೆ. ಎರಡರ ನಡುವೆ ನಾಗಮ್ಮ ಎಂಬವರ ಹೊಲ. ಅವರದು ತಲೆತಲಾಂತರದಿಂದ ಅಲ್ಲೇ ಕುರಿ ಸಾಕಿಕೊಂಡು ಬಂದ ಮನೆತನ.

ನಾನು ಎರಡೂ ಕಡೆ ಗುಂಡಿ ತೋಡಿಸಿ ಸಾಯಿಲ್ ಪ್ರೊಫೈಲ್ ನೋಡಿದೆ. ಮಣ್ಣು ಯಾವ ಆಳದಲ್ಲಿ ಹೇಗೆ ಬದಲಾಗುತ್ತದೆ ಎಂದು ಪದರ ಪದರವಾಗಿ ಪರೀಕ್ಷಿಸುವ ಕೆಲಸ ಅದು. ಕೆಳಗೆ ಆಳವಾದ ಕಪ್ಪು ಎರಿ ಮಣ್ಣು. ಜೋಳ, ಕಡಲೆ, ತೊಗರಿ, ಸೊಪ್ಪು ಯಾವುದಕ್ಕೂ ಕೊರತೆಯಿಲ್ಲ, ಬಾವಿ ಬೇಸಿಗೆಗೂ ಬತ್ತುವುದಿಲ್ಲ. ಮೇಲೆ ಬರೀ ಮುರ್ರಂ, ಕೆಂಪು ಗರಸು. ಬೆಳೆ ಬಾರದು, ಆದರೆ ಪಾಯಕ್ಕೆ ಗಟ್ಟಿ. ಎರಿ ಮಣ್ಣು ಮಳೆಗೆ ಹಿಗ್ಗಿ ಬಿಸಿಲಿಗೆ ಕುಗ್ಗುವುದರಿಂದ ಅದರ ಮೇಲೆ ಕಟ್ಟಿದ ಗೋಡೆ ಬಿರುಕು ಬಿಡುತ್ತದೆ.

ಸುಜಾತಾ ಮಾತ್ರ ಬಾವಿಯ ಪಕ್ಕವೇ ಮನೆ ಎಂದು ಸುಣ್ಣದ ಗೆರೆ ಎಳೆದಿಟ್ಟಿದ್ದಳು. ಬಿರುಕಿಗೇನೋ ಕಾಂಕ್ರೀಟಿನಲ್ಲಿ ದಾರಿಯಿದೆ, ಚಳಿಗೆ ಇಲ್ಲ. ನಮ್ಮ ಜಿಲ್ಲೆಯ ಥಂಡಿ ಗೊತ್ತಿಲ್ಲದವರು ಬೀದರ್ ಎಂದರೆ ಬಿಸಿಲು ಎಂದುಕೊಳ್ಳುತ್ತಾರೆ. ಡಿಸೆಂಬರ್ ಬೆಳಗಿನಲ್ಲಿ ಔರಾದಿನ ಬಯಲಿಗೆ ಬರಲಿ, ಹಲ್ಲು ಕಟಕಟ ಎನ್ನುತ್ತವೆ. ರಾತ್ರಿಯ ತಣ್ಣನೆ ಗಾಳಿ ಭಾರ, ನೀರಿನ ಹಾಗೆ ಇಳಿದು ತಗ್ಗಿನಲ್ಲಿ ನಿಲ್ಲುತ್ತದೆ. ರಾತ್ರಿಯ ಅತಿ ಕಡಿಮೆ ಉಷ್ಣತೆಯನ್ನು ಗುರುತು ಹಿಡಿದಿಡುವ ಮಿನಿಮಮ್ ಥರ್ಮಾಮೀಟರನ್ನು ಬಾವಿಯ ಬಳಿ ಒಂದು, ದಿಬ್ಬದ ಮೇಲೆ ಒಂದು ಇಟ್ಟು ಬಂದೆ. ವಾರದ ಮೇಲೆ ಬೆಳಗ್ಗೆ ಹೋಗಿ ನೋಡಿದರೆ ಮೇಲೆ ಹತ್ತು ಡಿಗ್ರಿ, ಕೆಳಗೆ ಆರು. ಶೆಡ್ಡಿನ ಸುತ್ತ ಮಂಜು ಕವಿದಿತ್ತು. ಮಳೆಗಾಲದಲ್ಲಿ ಚೇತರಿಸಿಕೊಂಡಿದ್ದ ಮಿಲಿಂದ ಒಳಗೆ ಗೋಡೆಗೆ ಒರಗಿ, ಒಂದೊಂದು ಉಸಿರಿಗೂ ಹೆಗಲೆತ್ತುತ್ತಿದ್ದ.

“ಹೊಲ ಬಂಗಾರದಂಥದು. ಮನೆ ಮಾತ್ರ ದಿಬ್ಬದ ಮೇಲೇ ಕಟ್ಟಬೇಕು,” ಎಂದೆ. “ನೀರು ಪೈಪಿನಲ್ಲಿ ಒಯ್ಯಬಹುದು. ನಾಗಮ್ಮನವರ ಹೊಲ ದಾಟಬೇಕು, ಅವರನ್ನು ಒಂದು ಮಾತು ಕೇಳು.”

ಸುಜಾತಾಳ ಮುಖ ಬಿಗಿಯಿತು. “ಕೇಳಂಗಿಲ್ರಿ. ನೀರಿನ ಸಲುವಾಗಿ ನಮ್ಮವ್ವ ಮಂದಿ ಬಾವಿ ಮುಂದ ಕೊಡ ಹಿಡ್ಕೊಂಡು ನಿಂತಾಳ. ಯಾರರೆ ಮ್ಯಾಲಿಂದ ಸುರುವಿದ್ರ ನೀರು, ಇಲ್ಲಂದ್ರ ಇಲ್ಲ. ಅದಕ್ಕೇ ನಮ್ಮಪ್ಪ ಓದಿ, ನೌಕ್ರಿ ಹಿಡ್ದು, ಬಾವಿ ಇದ್ದ ಹೊಲ ನೋಡಿ ತಗೊಂಡ. ನೀರಿನ ಮಾತಿಗಿ ನಾ ಯಾರ ಮುಂದೂ ನಿಲ್ಲಂಗಿಲ್ಲ.”

ನಾನೇ ಹೋಗಿ ಕೇಳುತ್ತೇನೆ ಎಂದೆ. ಅದಕ್ಕೂ ಒಪ್ಪಲಿಲ್ಲ. ಮಿಲಿಂದನಿಗೆ ಉಸಿರೇ ಸಾಲುತ್ತಿರಲಿಲ್ಲ. ಬಾವಿಯ ಪಕ್ಕ ಮನೆಯಾದರೆ ಅವನು ಉಳಿಯುವುದು ಕಷ್ಟ, ಪಟ್ಟಣಕ್ಕೆ ಹೋದರೆ ಮಿಲ್ಲು. ಅವಳ ಹಟ ತಪ್ಪು ಎಂದೂ ನನಗೆ ಅನಿಸಲಿಲ್ಲ. ಇಷ್ಟು ವರ್ಷದ ಕೆಲಸದಲ್ಲಿ ಮಣ್ಣನ್ನು ನೋಡಿ ಸಿಟ್ಟು ಬಂದದ್ದಿದೆ, ಅಳು ಬಂದದ್ದು ಅಂದೇ.

ಎಳ್ಳ ಅಮಾವಾಸ್ಯೆ ಬಂತು. ನಮ್ಮ ಕಡೆ ಅಂದು ಮನೆಯಲ್ಲಿ ಯಾರೂ ಉಣ್ಣುವುದಿಲ್ಲ, ಎಲ್ಲರೂ ಹೊಲದಲ್ಲೇ. ಹಸಿ ತೊಗರಿ, ಅವರೆ, ಕಡಲೆ, ಶೇಂಗಾ, ಬಗೆಬಗೆಯ ಸೊಪ್ಪು ಹಾಕಿ ಕುದಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ. ಭಜ್ಜಿಗೆ ಬೇಕಾದ್ದೆಲ್ಲ ಒಂದೇ ಹೊಲದಲ್ಲಿ ಸಿಗುವುದಿಲ್ಲ, ಆಚೀಚೆ ಕೇಳಿ ತರುವುದೇ ರೂಢಿ. ಸುಜಾತಾ ನನ್ನನ್ನೂ ಊಟಕ್ಕೆ ಕರೆದಿದ್ದಳು. “ಪೂಜಾ ನಾವು ಮಾಡಂಗಿಲ್ರಿ, ಭಜ್ಜಿ ಮಾತ್ರ ಬಿಡಂಗಿಲ್ಲ,” ಎಂದು ನಕ್ಕಳು.

ಒಲೆ ಹೊತ್ತಿಸುವಷ್ಟರಲ್ಲಿ ಬದು ದಾಟಿಕೊಂಡು ನಾಗಮ್ಮ ಬಂದರು. ಕೈಯಲ್ಲಿ ಖಾಲಿ ಬುಟ್ಟಿ.

“ತಂಗಿ, ನನ್ನ ಹೊಲದಾಗ ನೀರಿಲ್ಲ, ಹಸುರು ತಪ್ಪಲಾ ಒಂದೂ ಇಲ್ಲ. ಮೆಂತ್ಯೆ ಇಲ್ಲದ ಎಂಥಾ ಭಜ್ಜಿ? ಒಂದು ಮುಷ್ಟಿ ಕೊಡವ್ವಾ.”

ಸುಜಾತಾ ಬುಟ್ಟಿ ತುಂಬ ಕಿತ್ತುಕೊಟ್ಟಳು. ನಾಗಮ್ಮ ಹೋಗಲಿಲ್ಲ. ಬಾವಿಯ ಕಡೆ ನೋಡಿ, “ನೀರಡ್ಸ್ಯಾದ. ಒಂದು ತಂಬಿಗಿ ನೀರೂ ಕೊಡು,” ಎಂದರು. ಸುಜಾತಾ ಒಂದು ಕ್ಷಣ ನಿಂತೇಬಿಟ್ಟಳು. ಆಮೇಲೆ ಸೇದಿ ತಂಬಿಗೆ ಕೊಟ್ಟಳು. ನಾಗಮ್ಮ ಅದಕ್ಕೆ ಬಾಯಿ ಹಚ್ಚಿ ಗಟಗಟ ಕುಡಿದು, ಸೆರಗಿನಿಂದ ತುಟಿ ಒರೆಸಿಕೊಂಡು, “ಸಿಹಿ ಅದ ಬಿಡು,” ಎಂದರು.

ಅವರು ಬದುವಿನ ತನಕ ಹೋಗಿರಬೇಕು. ಸುಜಾತಾ ಕೂಗಿದಳು. “ಅಕ್ಕಾ! ಇವರಿಗಿ ಇಲ್ಲಿ ಥಂಡಿ ತಡಿಯಂಗಿಲ್ಲ. ಮ್ಯಾಲ ಮನಿ ಕಟ್ಟಬೇಕಾಗ್ಯದ. ನಿಮ್ಮ ಹೊಲದಾಗಿಂದ ಪೈಪು ಒಯ್ಯಲೇನು?”

“ಒಯ್ಯವ್ವಾ, ಬದುವಿನ ಗುಂಟ ಹಾಕ್ಕೋ. ಬ್ಯಾಸಗ್ಯಾಗ ನನ್ನ ಕುರಿಗಿ ನಡುವ ಒಂದು ನಳ ಬಿಡು. ಇದನ್ನ ಕೇಳಾಕ ಇಷ್ಟು ದಿನಾ ಬೇಕಾತೇನು ನಿನಗ?”

ಸಂಕ್ರಾಂತಿ ಬಂತು, ಮಿಲಿಂದ ಮಿಲ್ಲಿಗೆ ಹೋಗಲಿಲ್ಲ. ಮುಂದಿನ ಚಳಿಗಾಲದ ಹೊತ್ತಿಗೆ ಅವರು ದಿಬ್ಬದ ಮನೆಯಲ್ಲಿದ್ದರು. ಥಂಡಿಗೆ ಅವನಿಗೆ ಇನ್ನೂ ಕೆಮ್ಮು ಬರುತ್ತದೆ, ಆದರೆ ಮಲಗಿ ನಿದ್ದೆ ಮಾಡುತ್ತಾನೆ.

ಈಗಲೂ ಜಾಗ ನೋಡಲು ಕರೆಯುವವರಿದ್ದಾರೆ. ಮಣ್ಣು, ನೀರು, ಥಂಡಿ ಎಲ್ಲ ಮೊದಲಿನಂತೆಯೇ ಪರೀಕ್ಷಿಸುತ್ತೇನೆ. ಕೊನೆಗೆ ಒಂದು ಪ್ರಶ್ನೆ ಹೊಸದಾಗಿ ಸೇರಿದೆ. “ಪಕ್ಕದ ಹೊಲದವರು ನಿಮ್ಮಲ್ಲಿ ನೀರು ಕುಡಿದಿದ್ದಾರಾ?” ಎಂದು ಕೇಳುತ್ತೇನೆ. ಇಲ್ಲ ಎಂದರೆ, ಮಣ್ಣು ಎಷ್ಟೇ ಚೆನ್ನಾಗಿರಲಿ, ಇನ್ನೊಂದು ಎಳ್ಳ ಅಮಾವಾಸ್ಯೆ ಕಳೆಯಲಿ, ಆಮೇಲೆ ಹೇಳುತ್ತೇನೆ ಎಂದು ಬರುತ್ತೇನೆ.