ಕಾರಿನ ಕಿಟಕಿಗೆ ಅರಿಶಿನ ಹಚ್ಚುವ ಬೋರಮ್ಮ

ಬೆಳಗಿನ ಆರೂಕಾಲು. ಪುಣೆಯ ಹಡಪಸರದ ಕಾಲುವೆ ಪಕ್ಕದ ಗ್ಯಾರೇಜು ಸಾಲಿನಲ್ಲಿ ಇಪ್ಪತ್ತೆರಡು ಶಟರುಗಳೂ ಮುಚ್ಚಿವೆ. ಬೇವಿನ ಮರದ ಕೆಳಗೆ ನಿಂತಿರುವ ಬಿಳಿ ಮಾರುತಿ ಎಂಟುನೂರರ ಬಾಗಿಲೊಂದು ಮಾತ್ರ ತೆರೆದಿದೆ. ಮುಂದಿನ ಸೀಟಿನಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಕುಳಿತ ಹೆಂಗಸೊಬ್ಬರು ಕಿಟಕಿಯ ಗಾಜನ್ನು ಇಳಿಸುತ್ತಾರೆ, ಏರಿಸುತ್ತಾರೆ, ಮತ್ತೆ ಇಳಿಸಿ ಗಾಜಿನ ಸದ್ದಿಗೆ ಕಿವಿಗೊಡುತ್ತಾರೆ. ಆಮೇಲೆ ಪುಟ್ಟ ಡಬ್ಬಿಯಿಂದ ಬೆರಳ ತುದಿಯಲ್ಲಿ ಅರಿಶಿನ ತೆಗೆದು, ಗಾಜು ಕೂರುವ ರಬ್ಬರಿನ ಅಂಚಿಗೆ ಉದ್ದಕ್ಕೂ ಸವರುತ್ತಾರೆ. ಗಾಜು ಪೂರ್ತಿ ಏರಿ, ಮತ್ತೆ ಇಳಿಯುತ್ತದೆ. ಗಾಜಿನ ಮೇಲೆ ಹಳದಿ ಗೆರೆ ಮೂಡಿದೆ. ಕನ್ನಡಿಯ ಕಡೆಯ ಮೂಲೆಯಲ್ಲಿ ನಾಲ್ಕು ಬೆರಳಗಲ ಮಾತ್ರ ಗೆರೆ ಇಲ್ಲ.

“ಇಲ್ಲಿಂದ ನೀರ ಬರ್ತದ ನೋಡ್ರಿ. ಅರಿಶಿಣ ಹತ್ತಿಲ್ಲಂದ್ರ ರಬ್ಬರ ಗಾಜಿಗೆ ಮುಟ್ಟಿಲ್ಲ ಅಂತ ಅರ್ಥ” ಎನ್ನುತ್ತಾರೆ ಬೋರಮ್ಮ.

ಈ ರಬ್ಬರಿನ ಅಂಚಿಗೆ ಗ್ಯಾರೇಜಿನವರು ಬೀಡಿಂಗ್ ಎನ್ನುತ್ತಾರೆ. ಇಪ್ಪತ್ತು ವರ್ಷದಿಂದ ಕಾರು ಓಡಿಸುತ್ತಿರುವ ನಾನು ಅದನ್ನು ಒಮ್ಮೆಯೂ ನೆಟ್ಟಗೆ ನೋಡಿರಲಿಲ್ಲ. ನೀವೂ ನೋಡಿರಲಿಕ್ಕಿಲ್ಲ ಬಿಡಿ. ಬಿಸಿಲಿಗೆ ಅದು ಒಣಗಿ ಸೀಳುತ್ತದೆ, ತುದಿ ಮಡಚಿಕೊಳ್ಳುತ್ತದೆ, ಗಾಜು ಗಡಗಡ ಅಲುಗುತ್ತದೆ. ಮಳೆಗಾಲದಲ್ಲಿ ಸೀಟು ನೆನೆದು ಕಾರಿನ ತುಂಬ ಒದ್ದೆ ಗೋಣಿಚೀಲದ ವಾಸನೆ ಹೊಡೆದಾಗಷ್ಟೇ ನಮಗೆ ರಬ್ಬರಿನ ನೆನಪು. ಆಗ ಕಂಪನಿಯ ಸರ್ವಿಸ್ ಸೆಂಟರಿಗೆ ಹೋದರೆ ಈ ಮಾಡೆಲ್‌ನ ಬೀಡಿಂಗ್ ಈಗ ಬರುವುದಿಲ್ಲ, ಗಾಡಿ ಮಾರಿಬಿಡಿ ಎಂಬ ಉಪದೇಶ ಪುಕ್ಕಟೆಯಾಗಿ ಸಿಗುತ್ತದೆ.

ಬೋರಮ್ಮ ಯಾರಿಗೂ ಗಾಡಿ ಮಾರಿ ಎಂದು ಹೇಳಿದವರಲ್ಲ. ಹಳೆಯ ಬೀಡಿಂಗನ್ನು ತುಂಡಾಗದಂತೆ ಬಿಚ್ಚುತ್ತಾರೆ. ಸೋಪಿನ ನೀರಿನಲ್ಲಿ ತೊಳೆದು, ಸ್ಟೋವಿನ ಮೇಲಿನ ಬೋಗುಣಿಯ ಬಿಸಿನೀರಿಗೆ ಅದ್ದುತ್ತಾರೆ. ಮಡಚಿದ ತುದಿ ಅಲ್ಲಿ ನಿಧಾನಕ್ಕೆ ಬಿಚ್ಚಿಕೊಂಡು ತನ್ನ ಮೊದಲಿನ ಆಕಾರಕ್ಕೆ ಬರುತ್ತದೆ. ಸೀಳಿದ ಕಡೆ ಸೈಕಲ್ ಟ್ಯೂಬಿನ ತೆಳು ತುಂಡು ಅಂಟಿಸುತ್ತಾರೆ, ಸವೆದು ತೆಳುವಾದ ಕಡೆ ಒಳಗಿನಿಂದ ಒತ್ತು ಕೊಡುತ್ತಾರೆ. ಎಣ್ಣೆ ಹಚ್ಚಿದರೆ ರಬ್ಬರು ಮೆತ್ತಗಾಗುತ್ತದೆಂದು ಕೊಬ್ಬರಿ ಎಣ್ಣೆ ಸವರಿಕೊಂಡು ಬರುವ ಜಾಣರನ್ನು ಕಂಡರೆ ಮಾತ್ರ ಅವರಿಗೆ ಸಿಟ್ಟು ಬರುತ್ತದೆ. ಎಣ್ಣೆ ಕುಡಿದ ರಬ್ಬರು ಉಬ್ಬಿ ಕೆಡುತ್ತದೆ ಎಂಬುದನ್ನು ಅವರು ಹದಿನಾರು ವರ್ಷದಿಂದ ಹೇಳುತ್ತಲೇ ಇದ್ದಾರೆ.

ಬೋರಮ್ಮನಿಗೆ ಈಗ ಐವತ್ತನಾಲ್ಕು. ಊರು ಚಡಚಣದ ಹತ್ತಿರ. ಗಂಡ ಸಿದ್ದಾರೂಢ ಇಲ್ಲೇ ಒಂದು ಅಪಾರ್ಟ್‌ಮೆಂಟಿನಲ್ಲಿ ವಾಚ್‌ಮನ್. ಪುಣೆಗೆ ಬಂದ ಹೊಸತರಲ್ಲಿ ಬೋರಮ್ಮ ಪಿಂಪ್ರಿ-ಚಿಂಚವಾಡದಲ್ಲಿ ಕಾರಿನ ರಬ್ಬರು ತಯಾರಿಸುವ ಸಣ್ಣ ಕಾರ್ಖಾನೆಯೊಂದರಲ್ಲಿ ಗುತ್ತಿಗೆಯ ಮೇಲೆ ಏಳು ವರ್ಷ ದುಡಿದರು. ಕಿಟಕಿಯ ಮೂಲೆಗೆ ಸರಿಯಾಗಿ ಬೀಡಿಂಗನ್ನು ಓರೆಯಾಗಿ ಕತ್ತರಿಸಿ ಜೋಡಿಸುವುದು ಅವರ ಕೆಲಸ. ಒಂದು ಸೋಮವಾರ ಹೋಗಿ ನೋಡಿದರೆ ಅವರು ಕೂರುತ್ತಿದ್ದ ಜಾಗದಲ್ಲಿ ಯಂತ್ರ ಕುಳಿತಿತ್ತು. ಹದಿನಾಲ್ಕು ಹೆಂಗಸರನ್ನು ಅಂದೇ ಮನೆಗೆ ಕಳಿಸಿದರು. ಉಳಿದವರು ಬೇರೆ ಬೇರೆ ಕೆಲಸ ಹುಡುಕಿಕೊಂಡರು. ಬೋರಮ್ಮ ತಮ್ಮ ಚಾಕು ತಗೊಂಡು ಹಡಪಸರಕ್ಕೆ ಬಂದರು.

“ಯಂತ್ರ ಹೊಸಾ ರಬ್ಬರ ಕೊಯ್ತದ್ರಿ. ಹಳೇ ರಬ್ಬರ ಕೊಯ್ಯಾಕ ಅದಕ್ಕ ಬರಂಗಿಲ್ಲ. ಹಳೇದು ಒಂದೊಂದು ಗಾಡಿದು ಒಂದೊಂದು ನಮೂನಿ ಸವದಿರ್ತದ” ಎನ್ನುತ್ತಾರೆ.

ಅರಿಶಿನದ ವಿದ್ಯೆಯನ್ನು ಅವರಿಗೆ ಯಾರೂ ಕಲಿಸಿದ್ದಲ್ಲ. ಇಂಡಿ ಕಡೆಯ ಭಕ್ತರು ಜೇಜುರಿಯ ಖಂಡೋಬನ ದರ್ಶನ ಮುಗಿಸಿ ವಾಪಸು ಹೋಗುವಾಗ, ಅವರ ಹಳೆಯ ಜೀಪಿನ ಗಾಜು ಸಿಕ್ಕಿಕೊಂಡಿತೆಂದು ಇಲ್ಲಿ ನಿಲ್ಲಿಸಿದ್ದರು. ಜೇಜುರಿಯಲ್ಲಿ ಭಂಡಾರ, ಅಂದರೆ ದೇವರ ಅರಿಶಿನದ ಪುಡಿ, ಹಾರಿಸುವಾಗ ಕಿಟಕಿಗಳನ್ನೆಲ್ಲ ಏರಿಸಿದ್ದರೂ ಗಾಜಿನ ಒಳಬದಿಯಲ್ಲಿ ಅಲ್ಲಲ್ಲಿ ಹಳದಿ ಧೂಳು ನುಗ್ಗಿತ್ತು. ಎಲ್ಲೆಲ್ಲಿ ಹಳದಿಯೋ ಅಲ್ಲಲ್ಲಿ ರಬ್ಬರು ಸತ್ತಿತ್ತು. ಅಂದಿನಿಂದ ಡಬ್ಬಿ ಅವರ ಕೈಬಿಟ್ಟಿಲ್ಲ. ದೇವರ ಭಂಡಾರವನ್ನೇ ಕಾರಿಗೆ ಬಳಿಯುತ್ತೀರಾ ಎಂದು ನಾನು ಕೇಳಿದ್ದಕ್ಕೆ, ಭಂಡಾರ ಹಣೆಗೆ, ಗಾಡಿಗೆ ಅಡುಗೆಮನೆಯದು ಎಂದು ಚುಟುಕಾಗಿ ಉತ್ತರಿಸಿದರು.

ದಿನಕ್ಕೆ ಮೂರು ಕಾರು, ಮಳೆಗೆ ಮುಂಚಿನ ಎರಡು ತಿಂಗಳು ದಿನಕ್ಕೆ ಐದು. ಅಂದರೆ ಇಪ್ಪತ್ತು ಕಿಟಕಿ. ಇಷ್ಟು ಮಾಡಿದ ಮೇಲೂ ಇವರ ಹೆಸರು ಯಾಕೆ ಯಾರಿಗೂ ಗೊತ್ತಿಲ್ಲ? ಕಾರಣ ಸರಳ. ಕಾರಿನ ಮಾಲೀಕರು ಗಾಡಿ ಬಿಡುವುದು ದೊಡ್ಡ ಬೋರ್ಡಿನ ಗ್ಯಾರೇಜುಗಳಲ್ಲಿ. ಮಾಲೀಕರು ಆಟೋ ಹತ್ತಿ ಹೋದ ಮೇಲೆ ಗಾಡಿ ಹಿಂದಿನ ದಾರಿಯಿಂದ ಬೇವಿನ ಮರದ ಕೆಳಗೆ ಬರುತ್ತದೆ. ಕೆಲಸ ಮುಗಿದು, ಮಾಲೀಕರು ಬರುವಷ್ಟರಲ್ಲಿ ಮತ್ತೆ ಗ್ಯಾರೇಜಿನ ಮುಂದೆ ನಿಂತಿರುತ್ತದೆ. ಹೊಗಳಿಕೆ ಬೋರ್ಡಿನವರಿಗೆ. ಹದಿನಾರು ವರ್ಷ ಇದೇ ನಡೆಯಿತು. ಬೋರಮ್ಮನೂ ಸುಮ್ಮನಿದ್ದರು.

ಸುಮ್ಮನಿರುವುದು ನಿಂತದ್ದು ಈ ಮಾರ್ಚಿನಲ್ಲಿ. ರಸ್ತೆ ಅಗಲ ಮಾಡುವುದಕ್ಕೆ ಗ್ಯಾರೇಜು ಸಾಲು ತೆರವಾಗಬೇಕೆಂದು ಪಾಲಿಕೆಯಿಂದ ನೋಟಿಸು ಬಂತು. ಬದಲಿಗೆ ಕಾಲುವೆಯ ಆಚೆ ದೊಡ್ಡ ಶೆಡ್ ಕಟ್ಟಿ, ಒಬ್ಬೊಬ್ಬರಿಗೆ ಒಂದೊಂದು ಗಾಳಾ ಕೊಡುವುದೆಂದು ತೀರ್ಮಾನವಾಯಿತು. ಗಾಳಾ ಅಂದರೆ ಇಲ್ಲಿನ ಮಾತಿನಲ್ಲಿ ಮಳಿಗೆ. ಗ್ಯಾರೇಜು ಸಂಘದವರು ಯಾದಿ ಬರೆದರು. ಇಪ್ಪತ್ತೆರಡು ಹೆಸರಿದ್ದವು, ಬೋರಮ್ಮನ ಹೆಸರಿರಲಿಲ್ಲ. ಯಾದಿಯಲ್ಲಿ ಇಲ್ಲದವರಿಗೆ ಶೆಡ್ಡಿನಲ್ಲಿ ಕಾಲಿಡಲು ಜಾಗವಿಲ್ಲ, ಬೇವಿನ ಮರವೂ ರಸ್ತೆಗೆ ಹೋಗುತ್ತದೆ.

ಸಂಘದ ಕಾರ್ಯದರ್ಶಿ ಮನೋಜ, ಸಾಲಿನಲ್ಲೇ ದೊಡ್ಡ ಗ್ಯಾರೇಜಿನ ಮಾಲೀಕ. ಬೋರಮ್ಮ ಹೋಗಿ ಕೇಳಿದಾಗ ಅವರು ಮರಾಠಿಯಲ್ಲಿ ಸಮಾಧಾನವಾಗಿಯೇ ಹೇಳಿದರಂತೆ: ಇದು ಮೆಕ್ಯಾನಿಕ್‌ಗಳ ಯಾದಿ, ರಬ್ಬರು ಅಂಟಿಸುವುದು ಒಂದು ಕಸುಬಲ್ಲ, ಅದನ್ನು ಯಾರು ಬೇಕಾದರೂ ಮಾಡುತ್ತಾರೆ. ಬೇಕಾದರೆ ದತ್ತುವಿನ ಗಾಳಾದಲ್ಲಿ ಹೆಲ್ಪರ್ ಎಂದು ಬರೆಯೋಣ. ಏರಿದ ಏಣಿಯನ್ನು ಒದೆಯುವುದೆಂದರೆ ಇದೇ. ಹದಿನಾರು ವರ್ಷ ತನ್ನ ಗ್ಯಾರೇಜಿನ ಕಾರುಗಳನ್ನು ಹಿಂದಿನ ದಾರಿಯಿಂದ ಕಳಿಸಿದ ಮನುಷ್ಯನ ಬಾಯಲ್ಲಿ ಈ ಮಾತು ಬಂದದ್ದು ಕೇಳಿ ನನಗೇ ಮೈ ಉರಿಯಿತು.

ದತ್ತು ಮರದ ಪಕ್ಕದ ಗ್ಯಾರೇಜಿನವರು, ಕಾರಿನ ಡೊಂಕು ತೆಗೆಯುವುದು ಅವರ ಕೆಲಸ. ಒಳ್ಳೆಯ ಮನುಷ್ಯ, ಸೊಲ್ಲಾಪುರದವರಾದ್ದರಿಂದ ಕನ್ನಡವೂ ಬರುತ್ತದೆ, ಬೋರಮ್ಮನನ್ನು ಚಿಕ್ಕಮ್ಮ ಎಂಬ ಅರ್ಥದಲ್ಲಿ ಮೌಶಿ ಎನ್ನುತ್ತಾರೆ. ಮೌಶಿ, ಹೆಸರು ಎಲ್ಲಿದ್ದರೇನು, ನೀವು ಕೂರುವುದಂತೂ ನನ್ನ ಪಕ್ಕದಲ್ಲೇ ಅಲ್ಲವೇ ಎಂದು ಅವರೂ ಒಪ್ಪಿಸಲು ನೋಡಿದರು. ಬೋರಮ್ಮ ಒಪ್ಪಲಿಲ್ಲ.

“ದತ್ತು, ನೀ ನಾಳೆ ಗಾಳಾ ಮಾರಿ ಸೊಲ್ಲಾಪುರಕ್ಕ ಹೋದ್ರ, ತಗೊಂಡಾವ ನನ್ನ ಕೂಡ್ರಸ್ತಾನೇನು? ಹೆಲ್ಪರ್ ಅಂದ್ರ ನಿನ್ನ ಸಾಮಾನಿನ ಜೋಡಿ ನಾನೂ ಒಂದು ಸಾಮಾನು.”

ಮರುದಿನದಿಂದ ಹಿಂದಿನ ದಾರಿ ಬಂದ್ ಆಯಿತು. ಗ್ಯಾರೇಜಿನವರು ಕಳಿಸಿದ ಒಂದೇ ಒಂದು ಕಾರನ್ನೂ ಬೋರಮ್ಮ ಮುಟ್ಟಲಿಲ್ಲ. ಮಾಲೀಕರೇ ಬಂದರೆ ಮಾಡುತ್ತೇನೆ ಎಂದು ಎಲ್ಲವನ್ನೂ ವಾಪಸು ಕಳಿಸಿದರು. ಸಿದ್ದಾರೂಢರಿಗೆ ಹೆದರಿಕೆ. ಇಪ್ಪತ್ತೆರಡು ಜನರ ಜೊತೆ ಜಗಳ ಯಾಕೆ ಎಂದು ಎರಡು ದಿನ ಊಟದ ಹೊತ್ತಿಗೆ ಗೊಣಗಿದರು. ಮೂರನೆಯ ದಿನ ತಾವೇ ಒಂದು ತಗಡು ತಂದು ಮರಾಠಿಯಲ್ಲೂ ಕನ್ನಡದಲ್ಲೂ ‘ಬೋರಮ್ಮ, ಕಾರ್ ಕಿಟಕಿ ರಬ್ಬರ್’ ಎಂದು ಬರೆದು ಮರಕ್ಕೆ ಕಟ್ಟಿದರು. ಮೊದಲ ವಾರ ಬಂದದ್ದು ಎರಡೇ ಕಾರು. ಮನೆಯಲ್ಲಿ ಕೈ ಬಿಗಿ ಹಿಡಿಯಬೇಕಾಯಿತು, ಬೋರಮ್ಮನ ಪಟ್ಟು ಮಾತ್ರ ಸಡಿಲಲಿಲ್ಲ.

ಮೇ ತಿಂಗಳ ನಡುವೆ ಮುಂಗಾರಿಗೆ ಮುಂಚಿನ ಜೋರು ಮಳೆ ಎರಡು ಸಂಜೆ ಹೊಡೆಯಿತು. ಐಟಿ ಕಂಪನಿಯಲ್ಲಿ ಕೆಲಸ ಮಾಡುವ ಮೈಸೂರಿನ ಶಾಲಿನಿ, ತಂದೆಯ ಕಾಲದ ಹಳೆಯ ಕಾರು ಇಟ್ಟುಕೊಂಡಿದ್ದಾರೆ. ಕಿಟಕಿಯಿಂದ ನೀರು ಬರುತ್ತದೆಂದು ಅವರು ಮನೋಜನ ಗ್ಯಾರೇಜಿಗೆ ಬಿಟ್ಟಿದ್ದರು. ಬೋರಮ್ಮ ಮುಟ್ಟದಿದ್ದ ಕಾರಣ ಅಲ್ಲಿನ ಕೆಲಸಗಾರನೇ ಕಂಡಕಂಡ ಸಂದಿಗೆಲ್ಲ ಅಂಟು ಮೆತ್ತಿ ಕೊಟ್ಟಿದ್ದ. ಮಳೆಯ ಮರುದಿನ ಶಾಲಿನಿ ವಾಪಸು ಬಂದರು.

“ಡೋರ್ ಒಳಗೆ ನೀರು ಅಲ್ಲಾಡೋ ಸೌಂಡ್ ಬರ್ತಿತ್ತು. ಬ್ರೇಕ್ ಹಾಕಿದಾಗೆಲ್ಲ ಪಕ್ಕದಲ್ಲಿ ಯಾರೋ ಬಿಂದಿಗೆ ಹಿಡ್ಕೊಂಡು ಕೂತಿದಾರೆ ಅನ್ಸೋದು” ಎಂದು ಅವರು ನನ್ನ ಹತ್ತಿರ ನೆನೆಸಿಕೊಂಡು ನಕ್ಕರು. ಅಂದು ನಗು ಬಂದಿರಲಿಲ್ಲವಂತೆ. ಗ್ಯಾರೇಜಿನಲ್ಲಿ ಯಾರಿಗೂ ಬಗೆಹರಿಯದಿದ್ದಾಗ, ಮರದ ಮೇಲಿನ ಕನ್ನಡದ ಬೋರ್ಡು ಕಂಡು ಅವರು ಕಾರನ್ನು ಸೀದಾ ಅಲ್ಲಿಗೆ ತಂದು ನಿಲ್ಲಿಸಿದರು. ಮನೋಜ ಹಿಂದೆಯೇ ಬಂದರು, ಅವರ ಹಿಂದೆ ಸಾಲಿನ ಅರ್ಧ ಜನ.

ಬೋರಮ್ಮ ನೆಲಕ್ಕೆ ಮಂಡಿಯೂರಿ, ತಲೆಯ ಪಿನ್ನು ತೆಗೆದು ಬಾಗಿಲಿನ ತಳದಲ್ಲಿ ಚುಚ್ಚಿದರು. ಅಂಟಿನ ಬಿರಡೆ ಕಿತ್ತು ಬಂತು. ಅದರ ಹಿಂದೆಯೇ ಕೆಂಪು ನೀರು ದಬದಬ ಸುರಿದು ಮನೋಜನ ಬೂಟು ನೆನೆಯಿತು. ಯಾವ ಕಾರಿನ ಬಾಗಿಲೇ ಆಗಲಿ, ಗಾಜಿನ ಹೊರಗಿನಿಂದ ಒಂದಿಷ್ಟು ನೀರು ಅದರ ಹೊಟ್ಟೆಗೆ ಇಳಿದೇ ಇಳಿಯುತ್ತದೆ. ಅದು ಹರಿದುಹೋಗಲೆಂದೇ ತಳದಲ್ಲಿ ಸಣ್ಣ ತೂತುಗಳಿರುತ್ತವೆ. ನೀರು ಬರಬಾರದೆಂದು ಆ ತೂತನ್ನೇ ಮುಚ್ಚಿದರೆ ಬಾಗಿಲು ಕೊಡವಾಗುತ್ತದೆ. ಆಗ ಬೋರಮ್ಮ ಮನೋಜನಿಗೆ ಮರಾಠಿಯಲ್ಲಿ ಹೇಳಿದ ಮಾತನ್ನು ದತ್ತು, ಶಾಲಿನಿ ಇಬ್ಬರೂ ನನಗೆ ಒಂದೇ ರೀತಿ ಒಪ್ಪಿಸಿದರು, ಬೋರಮ್ಮನ ಕನ್ನಡದಲ್ಲಿ ಅದು ಹೀಗೆ.

“ನಾನೂ ಮೊದಲ್ನೇ ವರ್ಷ ಇದ ತಪ್ಪ ಮಾಡಿದ್ದೆ. ಮೂರ ಗಾಡಿ ಬಾಗಲಾ ತುಕ್ಕ ಹಿಡದ್ವು. ಆಮ್ಯಾಲ ಕಲ್ತೆ. ಇದು ಕಸಬ ಅಲ್ಲಂದ್ರ ಕಲಿಯೂದರ ಏನಿತ್ರಿ ಮನೋಜಭಾವು?”

ನಾಲ್ಕು ತಾಸು ಯಾರೂ ಅಲ್ಲಿಂದ ಕದಲಲಿಲ್ಲವಂತೆ. ಅಂಟನ್ನೆಲ್ಲ ಕೆರೆದು, ಬೀಡಿಂಗ್ ಬಿಚ್ಚಿ, ಬಿಸಿನೀರಿಗೆ ಅದ್ದಿ, ಮೂಲೆ ಜೋಡಿಸಿ, ಅರಿಶಿನದ ಗೆರೆ ಎಲ್ಲೂ ಕಡಿಯದಷ್ಟು ಸರಿಮಾಡಿದ ಮೇಲೆ ಬೋರಮ್ಮ ಒಂದು ಷರತ್ತು ಹಾಕಿದರು. ಕಾರಿನೊಳಗೆ ಮನೋಜನೇ ಕೂರಬೇಕು. ಬಿಳಿ ಅಂಗಿ ತೊಟ್ಟಿದ್ದ ಮನೋಜ, ಇಷ್ಟು ಜನರೆದುರು ಆಗುವುದಿಲ್ಲ ಎನ್ನಲಾರದೆ ಕೂತರು. ದತ್ತು ಪೈಪು ಹಿಡಿದು ಹತ್ತು ನಿಮಿಷ ನಾಲ್ಕೂ ಕಿಟಕಿಗೆ ನೀರು ಹೊಡೆದರು. ಮನೋಜ ಹೊರಗೆ ಬಂದಾಗ ಅಂಗಿಯ ಮೇಲೆ ಒಂದು ಹನಿಯೂ ಇರಲಿಲ್ಲ. ಸೀದಾ ಗ್ಯಾರೇಜಿಗೆ ನಡೆದರಂತೆ.

ಸಂಘದಲ್ಲಿ ಮೂರು ಸಲ ಸಭೆ ನಡೆಯಿತು. ಶೆಡ್ಡಿನಲ್ಲಿ ಇರುವುದು ಇಪ್ಪತ್ತೆರಡೇ ಗಾಳಾ, ಇಪ್ಪತ್ಮೂರನೆಯದು ಎಲ್ಲಿಂದ ತರುವುದು ಎಂದು ಕೆಲವರು ರಾಗ ತೆಗೆದರು. ಅಷ್ಟರಲ್ಲಿ ಅವರ ಗಿರಾಕಿಗಳ ಸೀಟುಗಳು ನೆನೆಯತೊಡಗಿದ್ದವು. ಕೊನೆಗೆ ಕರೆಂಟು ಮೀಟರಿನ ಪಕ್ಕ ಖಾಲಿ ಬಿಟ್ಟಿದ್ದ ಮೂಲೆಯನ್ನು ಅಳೆದರು. ಒಂದು ಗಾಳಾದ ಅರ್ಧದಷ್ಟು ಜಾಗ ಸಿಕ್ಕಿತು.

ಇವತ್ತು ನಾನು ಮರದ ಕೆಳಗೆ ಕುಳಿತಿರುವಾಗಲೇ ಮನೋಜ ಅರ್ಜಿ ಹಿಡಿದು ಬರುತ್ತಾರೆ. ಸೋಮವಾರ ಯಾದಿ ಪಾಲಿಕೆಯ ಕಚೇರಿಗೆ ಹೋಗಬೇಕು. ಹೆಸರಿನ ಜಾಗದಲ್ಲಿ ಅವರೇ ‘ಬೋರಮ್ಮ, ದತ್ತು ಗ್ಯಾರೇಜ್ ಹತ್ತಿರ’ ಎಂದು ತುಂಬಿಸಿ ತಂದಿದ್ದಾರೆ. ಕಾರ್ಖಾನೆಯಲ್ಲಿದ್ದಾಗ ಮರಾಠಿ ಓದಲು ಕಲಿತ ಬೋರಮ್ಮ ಅಕ್ಷರದ ಮೇಲೆ ಬೆರಳಿಟ್ಟು ನಿಧಾನಕ್ಕೆ ಓದುತ್ತಾರೆ. ಕಾಗದ ವಾಪಸು ಕೊಡುತ್ತಾರೆ. ಬೇರೆ ಅರ್ಜಿ ತನ್ನಿ, ಇದಕ್ಕೆ ಸಹಿ ಹಾಕುವುದಿಲ್ಲ ಎಂದು ಮರಾಠಿಯಲ್ಲಿ ಹೇಳಿ ಮಾರುತಿಯ ಕಿಟಕಿಯ ಕಡೆ ತಿರುಗುತ್ತಾರೆ. ಮನೋಜ ನನ್ನ ಕಡೆ ನೋಡುತ್ತಾರೆ, ನಾನು ಬೇಕೆಂದೇ ಪುಸ್ತಕದಲ್ಲಿ ಏನೋ ಬರೆದುಕೊಳ್ಳುತ್ತೇನೆ. ಅರ್ಧ ತಾಸಿನಲ್ಲಿ ಖಾಲಿ ಅರ್ಜಿ ಬರುತ್ತದೆ.

ಬೋರಮ್ಮ ಕೈ ಒರೆಸಿಕೊಂಡು, ಕಾರಿನ ಬಾನೆಟ್ಟಿನ ಮೇಲೆ ಕಾಗದ ಹರಡಿ, ಒಂದೊಂದೇ ಅಕ್ಷರವನ್ನು ಒತ್ತಿ ಬರೆಯುತ್ತಾರೆ. ಬೋರಮ್ಮ ಸಿದ್ದಾರೂಢ ನಿವರಗಿ. ಕಸುಬು: ಕಾರಿನ ರಬ್ಬರ್ ಮಿಸ್ತ್ರಿ. ಕೆಳಗೆ ಕನ್ನಡದಲ್ಲಿ ಸಹಿ. ಮನೋಜ ಓದಿ, ತಲೆಯಾಡಿಸಿ, ಮಡಚಿ ಜೇಬಿಗಿಡುತ್ತಾರೆ. ಹೋಗುವ ಮುಂಚೆ, ತಮ್ಮ ಗ್ಯಾರೇಜಿನಲ್ಲಿ ಆರು ಗಾಡಿ ನಿಂತಿವೆ, ಮಾಲೀಕರನ್ನು ಇಲ್ಲಿಗೇ ಕಳಿಸುತ್ತೇನೆ ಎಂದು ಸಣ್ಣ ದನಿಯಲ್ಲಿ ಹೇಳುತ್ತಾರೆ.

ಅವರು ದೂರ ಹೋದ ಮೇಲೆ ನಾನು ಬೋರಮ್ಮನನ್ನು ಕೇಳುತ್ತೇನೆ, ಎಲ್ಲರಿಗೂ ಪೂರ್ತಿ ಗಾಳಾ, ನಿಮಗೊಬ್ಬರಿಗೆ ಅರ್ಧ, ಇದು ಸಾಕಾ ಎಂದು. ಅವರು ಗಾಜು ಏರಿಸುತ್ತಲೇ ಉತ್ತರ ಕೊಡುತ್ತಾರೆ.

“ಹೆಸರ ಪೂರಾ ಬರದೀನಲ್ರಿ. ಉಳದ ಅರ್ಧ ಜಾಗಾ ಬರೂ ಮಳಿಗಾಲಕ್ಕ ಕೇಳ್ತೀನಿ.”