ಒಂದೇ ಕೂಟದ ಎರಡು ವಿಮಾನ

ವಿಮಾನ ಕಂಪನಿಗಳು ಕೈಜೋಡಿಸಿ ಕಟ್ಟಿಕೊಳ್ಳುವ ಕೂಟಗಳೆಂದರೆ, ಅವರ ಬಾಯಲ್ಲಿ ಅಲಯನ್ಸ್, ನನಗೆ ಮೈಯೆಲ್ಲ ಉರಿಯುತ್ತದೆ. ಗುಂಡ್ಲುಪೇಟೆಯಲ್ಲಿ ಟಿಕೆಟ್ ಬುಕಿಂಗ್ ಅಂಗಡಿ ಇಟ್ಟುಕೊಂಡವನು ಹೀಗೆ ಹೇಳಬಾರದು. ಆದರೂ ಹೇಳುತ್ತೇನೆ.

ಹೊಸ ಕಂಪನಿಯನ್ನು ಕೂಟಕ್ಕೆ ಸೇರಿಸಿಕೊಳ್ಳುವುದು ಹೆಣ್ಣು ನೋಡುವ ಶಾಸ್ತ್ರಕ್ಕಿಂತ ಕಡೆ. ಒಳಗಿದ್ದವರೊಬ್ಬರು ಕೈಹಿಡಿದು ಕರೆತರಬೇಕು, ಉಳಿದವರು ತಲೆಯಾಡಿಸಬೇಕು. ಒಂದು ಕೂಟಕ್ಕೆ ಭೂಪಟದ ಖಾಲಿ ಜಾಗ ತುಂಬಿದರೆ ಸಾಕು, ಸಣ್ಣವರನ್ನೂ ಬಾ ಎನ್ನುತ್ತದೆ. ಇನ್ನೊಂದಕ್ಕೆ ದೊಡ್ಡ ಊರು, ದೊಡ್ಡ ಮನುಷ್ಯರೇ ಬೇಕು. ಅದೇ ದಾರಿಯಲ್ಲಿ ತನ್ನವನೊಬ್ಬ ಹಾರುತ್ತಿದ್ದರೆ ಹೊಸಬನ ಮುಖಕ್ಕೆ ಬಾಗಿಲು ಹಾಕುತ್ತದೆ. ಇದೆಲ್ಲ ಬಾಯಿಪಾಠವಾಗಿದೆ ಎಂಬ ಜಂಬ ನನಗಿತ್ತು. ಚಾಮರಾಜನಗರದ ಏಜೆಂಟರೂ ಫೋನ್ ಮಾಡಿ ನನ್ನನ್ನೇ ಕೇಳುತ್ತಿದ್ದರು.

ಹಂಗಳದಿಂದ ಒಬ್ಬ ಟೈಲರಮ್ಮ ಬಂದರು. ವಿದೇಶದಲ್ಲಿ ನರ್ಸ್ ಆಗಿದ್ದ ಮಗಳಿಗೆ ದಿನ ತುಂಬಿತ್ತು, ಬಾಣಂತನಕ್ಕೆ ಹೊರಟಿದ್ದರು. ಪೆಟ್ಟಿಗೆಯಲ್ಲಿ ಅವರ ಹಳೆಯ ಹತ್ತಿ ಸೀರೆಯೊಂದಿತ್ತು. ಒಗೆದು ಒಗೆದು ಮೆತ್ತಗಾದದ್ದು. ಮಗಳು ಹುಟ್ಟಿದಾಗ ಮೊದಲು ಸುತ್ತಿದ್ದೂ ಅದರಲ್ಲೇ.

"ಮಗ ಉಟ್ಟೋದ್ರೊಳ್ಗೆ ಇದು ಸೇರ್ಬೇಕು ಕಣಪ್ಪ. ಅಂಗ್ಡಿ ಬಟ್ಟೆ ಸುತ್ತಕ್ಕೆ ನಾ ಬುಡಕಿಲ್ಲ" ಎಂದರು.

ನಡುವೆ ವಿಮಾನ ಬದಲಿಸುವ ಊರಿನವರೆಗೆ ಒಂದು, ಅಲ್ಲಿಂದಾಚೆಗೆ ಒಂದು ಎಂದು ಟಿಕೆಟ್ ಎರಡು ಬೇರೆ ಬೇರೆ ತೆಗೆದೆ, ಎರಡು ಕಂಪನಿಯೂ ಒಂದೇ ಕೂಟದವು. ಒಂದೇ ಕೂಟವೆಂದ ಮೇಲೆ ಪೆಟ್ಟಿಗೆಯನ್ನು ಅವರವರೇ ದಾಟಿಸಿಕೊಳ್ಳುತ್ತಾರೆ ಎಂದುಕೊಂಡೆ. "ಮಧ್ಯದಲ್ಲಿ ಪೆಟ್ಟಿಗೆ ಮುಟ್ಟಲೇಬೇಡಿ" ಎಂದು ಚೀಟಿಯಲ್ಲೂ ಬರೆದುಕೊಟ್ಟೆ.

ಟೈಲರಮ್ಮ ಮಗಳ ಮನೆ ಸೇರಿದರು, ಪೆಟ್ಟಿಗೆ ಬರಲಿಲ್ಲ. ಮೂರನೇ ದಿನ ಮಗು ಹುಟ್ಟಿತು, ಆಸ್ಪತ್ರೆಯ ಟವೆಲಿನಲ್ಲಿ ಸುತ್ತಿದರು. ನಾನು ಎರಡೂ ಕಂಪನಿಗೆ ಬಾಯಿಗೆ ಬಂದ ಹಾಗೆ ಬರೆದೆ. ಮೊದಲನೆಯದು ಎರಡನೆಯದರ ಕಡೆ ಬೆರಳು ತೋರಿಸಿತು, ಎರಡನೆಯದು ಮೊದಲನೆಯದರ ಕಡೆ. ಕೊನೆಗೊಂದು ಉತ್ತರ ಬಂತು: ಟಿಕೆಟ್ ಬೇರೆಯಾದರೆ ಈ ಕೂಟದಲ್ಲಿ ಪೆಟ್ಟಿಗೆ ದಾಟಿಸುವ ಕಟ್ಟುಪಾಡಿಲ್ಲ, ಪ್ರಯಾಣಿಕರೇ ಎತ್ತಿಕೊಳ್ಳಬೇಕಿತ್ತು. ಯಾರನ್ನು ಸೇರಿಸಿಕೊಳ್ಳುತ್ತಾರೆಂದು ಓದಿದ್ದೆ. ಸೇರಿದವರು ಒಬ್ಬರಿಗೊಬ್ಬರು ಏನು ಮಾಡಿಕೊಡುತ್ತಾರೆಂದು ಓದಿರಲಿಲ್ಲ.

ಟೈಲರಮ್ಮನಿಗೆ ಫೋನ್ ಮಾಡಿ ಕಂಪನಿಯವರನ್ನು ಬಯ್ದೆ. ಅವರು ನಡುವೆಯೇ ತಡೆದರು.

"ನಡುವ್ಲ ಊರಲ್ಲಿ ನನ್ ಪೆಟ್ಗೆ ಬೆಲ್ಟ್ ಮ್ಯಾಲೆ ಕಣ್ಮುಂದೇನೆ ಮೂರ್ ಸುತ್ತು ಬಂತು ಕಣಪ್ಪ. ಮುಟ್ಬ್ಯಾಡಿ ಅಂತ ನೀವ್ ಬರ್ದಿದ್ರಲ್ಲ, ಬುಟ್ಬುಟ್ಟು ಬಂದೆ."

ತಪ್ಪು ನನ್ನದು ಎಂದು ಆಗಲೂ ಹೇಳಲಿಲ್ಲ. ಆ ಹೇಡಿತನಕ್ಕೆ ಇವತ್ತಿಗೂ ನನ್ನ ಮೇಲೆ ನನಗೇ ಅಸಹ್ಯ.

ಪೆಟ್ಟಿಗೆಯ ಮೇಲೆ ನನ್ನ ಅಂಗಡಿಯ ವಿಳಾಸವೂ ಇದ್ದುದರಿಂದ ಪೆಟ್ಟಿಗೆ ತಿರುಗಿ ಗುಂಡ್ಲುಪೇಟೆಗೇ ಬಂತು. ಐದಾರು ತಿಂಗಳಿಗೆ ಟೈಲರಮ್ಮ ಊರಿಗೆ ವಾಪಸಾದರು. ನಾನೇ ಬೈಕಿನಲ್ಲಿ ಪೆಟ್ಟಿಗೆ ಕಟ್ಟಿಕೊಂಡು ಹಂಗಳಕ್ಕೆ ಹೋದೆ. "ತಪ್ಪಾಯ್ತಮ್ಮ, ನನ್ನದೇ ತಪ್ಪು" ಎಂದೆ. ಕೂರಿ ಎನ್ನಲಿಲ್ಲ. ಪೆಟ್ಟಿಗೆ ಬಿಚ್ಚಿ ಸೀರೆ ತೆಗೆದು, ಮಡಿಕೆ ಬಿಡಿಸದೆ ನನ್ನ ಕೈಗಿಟ್ಟರು.

"ಮಗ ಆಗ್ಲೇ ಎದ್ದು ಕೂತ್ಕತದೆ. ನಿಮ್ಮಂಗ್ಡಿ ಗಾಜು ಒರ್ಸಕ್ಕೆ ಮಡಿಕಳಿ."